ಭಾದ್ರಪದದ ಭಾಗಾಕಾರ

ಅಧ್ಯಕ್ಷತೆ ವಹಿಸಿರುವ ವಿರುಪಣ್ಣನವರೇ, ಇರಕಲ್ಲಗಡದಿಂದ ಬಿಸಿಲಿನಲ್ಲಿ ಬಂದಿರುವ ಅತಿಥಿಗಳೇ, ಮುಖ್ಯಗುರುಗಳಾದ ಲಲಿತಾ ಮೇಡಂ ಅವರೇ, ಸಭಿಕರೇ, ಮುಂದೆ ನೆಲದ ಮೇಲೆ ಕುಳಿತಿರುವ ಮುದ್ದು ಮಕ್ಕಳೇ,

ನಿವೃತ್ತಿಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವನ್ನೂ ಹೊತ್ತುಕೊಂಡು ಮಾತನಾಡುವುದು ಸುಲಭವಲ್ಲ. "ಪಂಪಾಪತಿ ಸರ್ ಅವರ ಪಾಠ ಒಂದು ದಿನವೂ ಹಿಂದೆ ಬಿದ್ದಿಲ್ಲ" ಎಂದು ಮೇಡಂ ಈಗಷ್ಟೇ ಹೊಗಳಿದರು. ನಿಜ. ಅದಕ್ಕೇ ಎರಡು ಸಾವಿರದ ಒಂಬತ್ತರಲ್ಲಿ ಉತ್ತಮ ಶಿಕ್ಷಕ ಪ್ರಶಸ್ತಿಯೂ ಬಂತು. ಆ ಫೋಟೋದಲ್ಲಿ ನನ್ನ ಕಣ್ಣು ಮುಚ್ಚಿವೆ, ಅದು ಬೇರೆ ಮಾತು.

ತೊಂಬತ್ತೇಳರ ಜೂನಿನಲ್ಲಿ ಭಾಗ್ಯನಗರದಿಂದ ಒಂದು ಟ್ರಂಕು ಹಿಡಿದು ಈ ಊರಿಗೆ ಬಂದೆ. ಅಂದಿನಿಂದ ಇಪ್ಪತ್ತೇಳು ವರ್ಷ ನಾಲ್ಕನೇ ತರಗತಿಗೆ ಗಣಿತ ಹೇಳಿದ್ದೇನೆ. ಭಾಗಾಕಾರ ಯಾವಾಗ? ಭಾದ್ರಪದದಲ್ಲಿ. ಗಣಪತಿ ಕಳಿಸಿದ ಮರುದಿನ ಹುಣಸೆಬೀಜದ ಡಬ್ಬಿ ತೆಗೆಯುತ್ತಿದ್ದೆ. ಹನ್ನೆರಡು ಬೀಜ, ಮೂರು ಗುಂಪು, ಗುಂಪಿಗೆ ಎಷ್ಟು? ಮೊದಲ ವರ್ಷ ಬರೆದ ಪಾಠಯೋಜನೆಯನ್ನೇ ಪ್ರತಿವರ್ಷ ಇಸವಿ ತಿದ್ದಿ ನಕಲು ಮಾಡಿದೆ. ಮಾಸ್ತರರು ನಗುತ್ತಿದ್ದೀರಿ, ನಿಮಗೂ ಗೊತ್ತಿರುವ ವಿದ್ಯೆಯೇ.

ಆದರೆ ಈ ಭಾಗದಲ್ಲಿ ಅದೇ ಕ್ರಾಸಿಂಗ್ ಕಾಲ. ಬೀಜದ ಹತ್ತಿ ಹೊಲದಲ್ಲಿ ಗಂಡು ಹೂವನ್ನು ಹೆಣ್ಣು ಹೂವಿಗೆ ಒಂದೊಂದಾಗಿ ಸವರಬೇಕು. ಅದಕ್ಕೆ ಗಿಡದೆತ್ತರದ ಮೈ ಬೇಕು, ಸಣ್ಣ ಬೆರಳು ಬೇಕು. ಒಂಬತ್ತು ವರ್ಷದ ಹೆಣ್ಣುಮಕ್ಕಳ ಬೆರಳು. ಗಣಪತಿ ಹಬ್ಬದ ಮುಂಚಿನ ಬೆನಕನ ಅಮಾವಾಸ್ಯೆಗೆ ಆ ಕೂಲಿಗೆ ಹೋದವರು ದೀಪಾವಳಿಗೆ ತಿರುಗುತ್ತಿದ್ದರು. ಅಷ್ಟರಲ್ಲಿ ಭಾಗಾಕಾರ ಮುಗಿದಿರುತ್ತಿತ್ತು. ಪಾಠ ಮುಂದಕ್ಕೆ ಹೋಗಬೇಕಲ್ಲವೇ? ಹಾಜರಿ ಪುಸ್ತಕದಲ್ಲಿ ಮಾತ್ರ ಅವರು ಒಂದು ದಿನವೂ ತಪ್ಪಿಸಿಲ್ಲ. ಅದನ್ನು ನಾನೇ ನೋಡಿಕೊಂಡೆ. ಇದನ್ನು ಹೇಳಬೇಕೆಂದು ಬಂದವನಲ್ಲ, ಬಾಯಿಗೆ ಬಂತು.

ನಮ್ಮ ಶಾಲೆಯ ಅಡುಗೆಯ ಯಮನೂರಮ್ಮ ನನ್ನ ಮೊದಲ ವರ್ಷದ ವಿದ್ಯಾರ್ಥಿನಿ. ಬಾಳೆಹಣ್ಣು ಹಂಚುವಾಗ ಎಲ್ಲರ ಕೈಗೂ ಒಂದೊಂದು ಇಟ್ಟು, ಉಳಿದರೆ ಮತ್ತೆ ಮೊದಲಿನಿಂದ ಸುತ್ತು ಬರುತ್ತಾಳೆ. "ಎಷ್ಟೆಷ್ಟು ಬರ್ತಾವ ಅಂತ ಮೊದಲ ಲೆಕ್ಕ ಹಾಕಬಾರದೇನವಾ?" ಎಂದು ಈ ಜುಲೈನಲ್ಲಿ ಗೇಲಿ ಮಾಡಿದೆ.

"ಅದನ್ನ ನೀವು ಕಲಿಸೂವಾಗ ನಾ ಕ್ರಾಸಿಂಗಿಗೆ ಹೋಗಿದ್ನಿರಿ ಸರ. ಬಂದು ಕೇಳಿದ್ನಿ. ಆ ಪಾಠ ಮುಗದೈತಿ, ಕುಂದ್ರು ಅಂದ್ರಿ" ಎಂದಳು.

ನನಗೆ ನೆನಪಿರಲಿಲ್ಲ. ಅವಳಿಗೆ ಇತ್ತು.

"ನಂದು ಹೋಗ್ಲಿರಿ. ನನ್ನ ಮಗಳು ಕವಿತಾ ಈ ವರ್ಷ ನಾಕನೇ ಕ್ಲಾಸಿನಾಗ ಅದಾಳ. ಅಮಾಸಿಗೆ ಹೋಗೂದು ತಪ್ಪಂಗಿಲ್ಲ, ಅವರಪ್ಪ ಹೊಲದವರಿಗೆ ಮಾತು ಕೊಟ್ಟಾನ. ಅದಕ್ಕಿಂತ ಮೊದಲ ಅದೊಂದು ಹೇಳಿಕೊಡ್ರಿ."

ಆಗಲಿ ಎಂದೆ. ಸಭಿಕರೇ, ಹತ್ತು ದಿನದ ಪಾಠ ಅದು. ಡಬ್ಬಿ ಕೈಗೆ ಸಿಗುವಂತೆಯೇ ಇತ್ತು. ಮಾಡಿದೆನೇ? ಅಧಿಕಾರಿಗಳು ಪರಿಶೀಲನೆಗೆ ಬರುತ್ತಾರೆಂಬ ಸುದ್ದಿಯಿತ್ತು, ಯೋಜನೆ ಬಿಟ್ಟು ಪಾಠ ಮಾಡಿದರೆ ಕೇಳುತ್ತಾರೆಂದು ಅಂಜಿದೆ. ನಾಳೆ ಎಂದೆ, ನಾಡಿದ್ದು ಎಂದೆ. ಯಾರೂ ಬರಲಿಲ್ಲ. ಅಮಾವಾಸ್ಯೆ ಬಂತು. ಗಣಪತಿ ಕಳಿಸಿದ ಮರುದಿನ ಡಬ್ಬಿ ತೆಗೆದಾಗ ಹುಡುಗಿಯರ ಸಾಲು ಖಾಲಿಯಿತ್ತು. ಆ ಖಾಲಿ ಸಾಲಿನೆದುರು ನಿಂತು ಪಾಠ ಮಾಡಿದೆ. ಮುಗಿಸಿಯೂ ಬಿಟ್ಟೆ.

ನನಗೆ ನಾಚಿಕೆಯಾಗುತ್ತಿದೆ. ಗೊತ್ತಿಲ್ಲದೆ ಇಪ್ಪತ್ತಾರು ವರ್ಷ ಮಾಡಿದ್ದನ್ನು ಗೊತ್ತಿದ್ದೂ ಇನ್ನೊಂದು ವರ್ಷ ಮಾಡಿದೆ. ಗೊತ್ತಿಲ್ಲದೆ ಎಂಬುದಾದರೂ ನಿಜವೇ? ಹಾಜರಿ ಹಾಕಿದ ಕೈ ಯಾರದು? ನಾಳೆಯಿಂದ ನನಗೆ ತರಗತಿಯಿಲ್ಲ, ತಿದ್ದಿಕೊಳ್ಳಲು ಒಂದು ದಿನವೂ ಉಳಿದಿಲ್ಲ. ಯಮನೂರಮ್ಮ ಅಲ್ಲಿ ಬಾಗಿಲ ಬಳಿ ನಿಂತಿದ್ದಾಳೆ. ನನ್ನ ಕಡೆ ನೋಡುತ್ತಿಲ್ಲ.

ಈ ಬುಟ್ಟಿಯ ಬಾಳೆಹಣ್ಣನ್ನು ನಾಲ್ಕನೇ ತರಗತಿಗೆ ಹಂಚಿಬಿಡಿ, ಮೇಡಂ. ಎದುರಿಗೆ ಕುಳಿತವರು ಹದಿನಾಲ್ಕು ಮಂದಿ. ಆದರೆ ಇಪ್ಪತ್ತಮೂರರಿಂದ ಭಾಗಿಸಿ, ಇಂದು ಬೆಳಿಗ್ಗೆಯೂ ನಾನು ಅಷ್ಟೂ ಮಂದಿಗೆ ಹಾಜರಿ ಹಾಕಿದ್ದೇನೆ. ಉಳಿದ ಒಂಬತ್ತು ಪಾಲು ತೆಗೆದಿಡಿ ಎನ್ನಲು ನನಗೆ ಬಾಯಿಲ್ಲ. ಅವರು ಬರುವಷ್ಟರಲ್ಲಿ ಹಣ್ಣು ಕೊಳೆತಿರುತ್ತವೆ.

ಇಷ್ಟು ಹೊತ್ತು ಕೇಳಿದ ತಮ್ಮೆಲ್ಲರಿಗೂ ವಂದನೆಗಳು. ಯಮನೂರವ್ವಾ, ನಿನಗೆ ನಮಸ್ಕಾರ.