ಆರದ ವೆಲ್ಡಿಂಗ್ ಟಾರ್ಚು

"ಬಿಸಿ ಇರುವಾಗ ಟಾರ್ಚು ಸುತ್ತಿಡಬೇಡಿ. ಆರಲಿ, ಬಿಡಿ."

ನನ್ನ ಹೆಂಡತಿ ಕೊನೆಗೆ ಹೇಳಿದ್ದು ಇಷ್ಟೇ. ಆಸ್ಪತ್ರೆ ಮಂಚದ ಮೇಲೆ. ಆಮೇಲೆ ಗೋಡೆ ಕಡೆ ತಿರುಗಿದಳು... ಮತ್ತೆ ಈ ಕಡೆ ತಿರುಗಲಿಲ್ಲ.

ನಂದು ಟಿಗ್ ವೆಲ್ಡಿಂಗ್. ಸ್ಟೀಲ್ ಟ್ಯಾಂಕು, ಪೈಪು ಬೆಸೆಯೋ ಕೆಲಸ. ಬೆಸೆಯೋಕೆ ಕೈಯಲ್ಲಿ ಹಿಡಿಯೋ, ಗ್ಯಾಸ್ ಪೈಪು ಜೋಡಿಸಿದ ಆ ಟಾರ್ಚನ್ನ ಆಯ್ದುಕೊಂಡಿದ್ದು ಅವಳೇ. ನಾನು ನೀರಿಂದ ತಣ್ಣಗಾಗೋದು ಬೇಕು ಅಂದಿದ್ದೆ. ಎಷ್ಟು ಬೆಸೆದರೂ ಅದು ಕಾಯಲ್ಲ. ಅವಳು ಅಂಗಡಿಯಲ್ಲಿ ಎರಡನ್ನೂ ಕೈಯಲ್ಲಿ ಹಿಡಿದು ತೂಗಿದಳು.

"ನೀರಿಂದು ಅಂದ್ರೆ ಪಂಪು ಬೇಕು, ಇನ್ನೊಂದಷ್ಟು ಪೈಪು ಬೇಕು. ಸೋರಿದ್ರೆ ಒರೆಸೋದು ಯಾರು? ನೀವು ಮಾಡೋದು ತೆಳು ತಗಡಿನ ಕೆಲಸ. ಗಾಳಿಗೆ ಆರೋದೇ ಸಾಕು. ಅದು ಕಾದಾಗ ನಿಲ್ಲಿಸ್ತೀರಿ. ನಿಮಗೂ ಒಂಚೂರು ಬಿಡುವು."

ಹಾಗೇ ಆಯ್ತು. ಹಿಡಿ ಕಾದರೆ ಟಾರ್ಚನ್ನ ಬೆಂಚಿನ ಮೇಲೆ ನೀಟಾಗಿ ಉದ್ದಕ್ಕೆ ಮಲಗಿಸೋಳು. ಅದು ಆರೋವರೆಗೂ ನಾವು ಚಹಾ ಕುಡೀತಿದ್ವಿ. ಸಂಜೆ ಬಟ್ಟಲಲ್ಲಿ ಸೋಪುನೀರು ಕಲಸಿ, ನನ್ನ ಹಳೇ ಶೇವಿಂಗ್ ಬ್ರಷ್ಷಿಂದ ಗ್ಯಾಸ್ ಪೈಪಿಗೆ ಉದ್ದಕ್ಕೂ ಬಳಿಯೋಳು. ಗುಳ್ಳೆ ಎದ್ದರೆ ಅಲ್ಲಿ ಸೋರ್ತಿದೆ ಅಂತ. ಸೋಪು ಎಲ್ಲಿಂದ? ಮನೇಲಿ ಮೈಗೆ ಹಚ್ಚೋ ಸೋಪಿನ ಮೂಲೆ ಮುರಿದು ಸೆರಗಿಗೆ ಕಟ್ಟಿ ತರೋಳು. ಹೊಸ ಸೋಪಾದರೂ ಸರಿ, ಮೊದಲು ಮೂಲೆ ಹೋಗೋದು.

ಪಕ್ಕದ ಲೇತ್ ಅಂಗಡಿಯವನು ನನ್ನ ರೇಗಿಸ್ತಿದ್ದ. "ನಿನಗಿಂತ ಟಾರ್ಚನ್ನೇ ಚೆನ್ನಾಗಿ ನೋಡ್ಕೋತಾಳಲ್ಲಯ್ಯ."

"ಅದು ಹೇಳಿದ ಮಾತು ಕೇಳುತ್ತೆ, ಅಣ್ಣ," ಅನ್ನೋಳು.

ಅವಳು ಹೋದ ಮೇಲೆ ನಾನು ಟಾರ್ಚು ಬಿಸಿ ಇರುವಾಗಲೇ ಸುತ್ತಿ ಮೊಳೆಗೆ ನೇತು ಹಾಕ್ತಿದ್ದೆ. ಆರೋವರೆಗೂ ಒಬ್ಬನೇ ಕೂತು ಏನು ಮಾಡೋದು... ಸೋಪಿನ ಬಟ್ಟಲು ಒಣಗಿ ಧೂಳು ಹಿಡಿದಿತ್ತು.

ಆವತ್ತು ಒಂದು ದೊಡ್ಡ ಟ್ಯಾಂಕು ಬಂದಿತ್ತು. ಮಾರನೇ ಬೆಳಿಗ್ಗೆ ಒಳಗಿಳಿದು ಬೆಸೀಬೇಕು. ಅದರ ಬಾಯಿ ಕಿರಿದು, ನಾನು ತೂರಲ್ಲ. ಇಳಿಯೋನು ನನ್ನ ಭಾಮೈದ, ಅವಳ ಒಬ್ಬನೇ ತಮ್ಮ. ವೆಲ್ಡಿಂಗಿಗೆ ಬಿಡೋ ಆರ್ಗಾನ್ ಗ್ಯಾಸಿಗೆ ವಾಸನೆ ಇಲ್ಲ. ಟ್ಯಾಂಕಿನೊಳಗೆ ಸೋರಿದರೆ ತಳದಲ್ಲೇ ತುಂಬಿಕೊಳ್ಳುತ್ತೆ. ಒಳಗಿರೋನಿಗೆ ಕೆಮ್ಮೂ ಬರಲ್ಲ. ಉಸಿರಿಗೆ ಗಾಳಿ ಇಲ್ಲದೆ ಹಾಗೇ ಮಲಗಿಬಿಡ್ತಾನೆ, ಮತ್ತೆ ಏಳಲ್ಲ.

ಇದೆಲ್ಲ ನನಗೆ ಗೊತ್ತು. ಆದರೆ ಆವತ್ತು ತಲೆಗೆ ಬರಲಿಲ್ಲ. ಸಿಲಿಂಡರ್ ಬಂದ್ ಮಾಡಿದೆ, ಟಾರ್ಚು ಸುತ್ತಿ ನೇತು ಹಾಕಿದೆ, ಶೆಡ್ಡಿಗೆ ಬೀಗ ಹಾಕಿ ಮನೆಗೆ ಹೊರಟೆ.

ನಮ್ಮ ಗಲ್ಲಿ ತಿರುವಿನಲ್ಲಿ ಒಂದು ಹಾಳು ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ. ಅಲ್ಲಿಗೆ ಬಂದಾಗ ಹಿಂದಿನಿಂದ, ಶೆಡ್ಡಿನ ಕಡೆಯಿಂದ ಸದ್ದು.

ಕಿರ್ರ್... ಸಿಲಿಂಡರಿನ ತಿರುಪು.

ಆಮೇಲೆ ಸ್ಸ್ಸ್... ಸಣ್ಣಗೆ.

ಆಮೇಲೆ ಟಕ್, ಟಕ್. ಬ್ರಷ್ಷಿನ ನೀರು ಕೊಡವೋಕೆ ಬಟ್ಟಲಂಚಿಗೆ ಬಡಿಯೋ ಸದ್ದು. ಹಾಗೆ ಬಡಿಯೋಳು ಒಬ್ಬಳೇ.

ವಾಪಸ್ ಹೋದೆ. ಬೀಗ ಹಾಕಿದ ಹಾಗೇ ಇತ್ತು. ತೆಗೆದು ದೀಪ ಹಾಕಿದೆ. ಯಾರೂ ಇಲ್ಲ. ಮೊಳೆ ಖಾಲಿ... ಟಾರ್ಚು ಬೆಂಚಿನ ಮೇಲೆ ಉದ್ದಕ್ಕೆ, ನೀಟಾಗಿ ಮಲಗಿತ್ತು. ಹಿಡಿ ಹತ್ತಿರ ಪೈಪಿನ ಮೇಲೆ ನೊರೆ. ಒಂದೇ ಜಾಗದಲ್ಲಿ ಗುಳ್ಳೆ ಏಳ್ತಿತ್ತು, ಒಡೀತಿತ್ತು.

"ಬಂದ್ಯಾ?" ಅಂದೆ ಮೆಲ್ಲಗೆ.

ಸ್ಸ್ಸ್... ಅಷ್ಟೇ.

ಸಿಲಿಂಡರ್ ಬಂದ್ ಮಾಡಿ ಟಾರ್ಚು ಎತ್ತೋಕೆ ಹೋದೆ. ಹಿಡಿ ಸುಡ್ತಿತ್ತು. ಮೆಷಿನ್ನಿಗೆ ಕರೆಂಟೇ ಇರಲಿಲ್ಲ.

"ಆರಲಿ, ಬಿಡಿ."

ಕಿವಿ ಪಕ್ಕದಲ್ಲೇ.

ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಸ್ಟೂಲು ಎಳೆದು ಕೂತೆ. ಇನ್ನೊಂದು ಮಾತು ಆಡ್ತಾಳೇನೋ ಅಂತ ಕಾದೆ. ಹಿಡಿ ಆರೋ ಹೊತ್ತಿಗೆ ಬೆಳಗಾಗಿತ್ತು.

ಭಾಮೈದ ಬಂದ. "ಏನು ಭಾವ, ಮನೆಗೆ ಹೋಗ್ಲೇ ಇಲ್ವಾ?"

ಪೈಪು ಬಗ್ಗಿಸಿ ತೋರಿಸಿದೆ. ಬಿಸೀಲಿ ಮಡಚಿ ಮಡಚಿ ಹಿಡಿ ಹತ್ತಿರ ಕೂದಲೆಳೆಯಷ್ಟು ಬಿರುಕು. ಅವನು ಟ್ಯಾಂಕಿನ ಬಾಯಿ ನೋಡಿದ, ನನ್ನ ನೋಡಿದ.

"ಇದನ್ನ ಹೆಂಗೆ ಕಂಡುಹಿಡಿದ್ರಿ?"

"ನಿಮ್ಮಕ್ಕ."

ಅವನು ಬ್ರಷ್ಷು ಕೈಗೆತ್ತಿಕೊಂಡು ನೋಡಿದ. ಇನ್ನೂ ಒದ್ದೆ ಇತ್ತು.

"ಹೊಸ ಪೈಪು ತರೋವರೆಗೂ ಒಳಗೆ ಇಳೀಬೇಡ," ಅಂದು ಮನೆಗೆ ಹೋದೆ. ಮನೇಲಿ ಈಗ ನಾನೊಬ್ಬನೇ. ಮನೆ ಬೀಗದ ಕೈ ಒಂದೇ, ಅದು ನನ್ನ ಜೇಬಲ್ಲೇ ಇತ್ತು. ಹಿಂದಿನ ದಿನ ತಂದ ಸೋಪು ಬಚ್ಚಲ ಗೂಡಿನಲ್ಲಿತ್ತು, ಇನ್ನೂ ಕಾಗದ ಬಿಚ್ಚಿರಲಿಲ್ಲ. ಬಿಚ್ಚಿದೆ.

ಒಂದು ಮೂಲೆ ಇರಲಿಲ್ಲ.

ನೀವು ನಂಬಿ, ಬಿಡಿ. ನನ್ನ ಕೈಯಲ್ಲಿ ಹಿಡಿದು ನೋಡಿದ್ದು ಹೇಳ್ತಿದೀನಿ. ಅದೇ ಸೋಪಲ್ಲಿ ಸ್ನಾನ ಮಾಡಿದೆ. ಹೊಸ ಪೈಪು ತರೋಕೆ ಹೋದೆ.