ಸೆರಗಿನ ಎರಡು ಹೆಬ್ಬೆಟ್ಟು

ಹೆಸರು ಶೈಲಜಾ, ತಂದೆ ದಿವಂಗತ ಚಿಕ್ಕಬಸಪ್ಪ, ವಯಸ್ಸು 41 ವರ್ಷ, ಹೊಲಿಗೆ ಕೆಲಸ, ವಾಸ ತಳಕು ಗ್ರಾಮ, ಚಳ್ಳಕೆರೆ ತಾಲ್ಲೂಕು. ಈ ದಿನ ಠಾಣೆಗೆ ಹಾಜರಾಗಿ ನಾನು ಹೇಳಿ ಬರೆಸುವುದೇನೆಂದರೆ,

ನನ್ನ ತಂಗಿ ಜ್ಯೋತಿಲಕ್ಷ್ಮಿ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ತಯಾರಿಸಿ, ಅವು ಬಿಡುವ ಬೆಳಕನ್ನು ಅಳೆಯುವುದು ಅವಳ ಕೆಲಸ. ಮೊದಲು ಅರೆವಾಹಕದ ಕಣ ಮಾಡುತ್ತಿದ್ದಳು. ಒಂದೇ ವಸ್ತುವಾದರೂ ಕಣ ಸಣ್ಣದಾದರೆ ಹಸಿರು, ದೊಡ್ಡದಾದರೆ ಕೆಂಪು ಎಂದು ತಿಳಿಸಿದ್ದಳು. ಅದರಲ್ಲಿ ಕ್ಯಾಡ್ಮಿಯಂ ಎಂಬ ವಿಷವಿದ್ದುದರಿಂದ ಮನೆಗೆ ತರುತ್ತಿರಲಿಲ್ಲ. ನಂತರ ಶೇಂಗಾ ಎಣ್ಣೆ ದೀಪದ ಮಸಿ ಹಿಡಿದು, ಪ್ರಯೋಗಾಲಯದಲ್ಲಿ ಆಮ್ಲದಲ್ಲಿ ಕುದಿಸಿ, ಆಮ್ಲ ತೆಗೆದು, ಸೋಸಿ, ಇಂಗಾಲದ ಕಣ ಮಾಡಿದಳು. ಹಗಲಿನಲ್ಲಿ ಅದು ತೆಳು ಚಹಾದಂಥ ನೀರು. ಖೋಟಾ ನೋಟು ನೋಡುವ ನೇರಳೆ ದೀಪದಡಿ ಹಳದಿ ಮಿಶ್ರಿತ ಹಸಿರಾಗಿ ಬೆಳಗುತ್ತದೆ.

2009ರ ಜನವರಿಯಲ್ಲಿ, ರೇಷ್ಮೆಯ ಮೇಲೆ ಈ ಬೆಳಕು ನಿಲ್ಲುತ್ತದೆಯೇ ನೋಡಲು, ಮೊಳಕಾಲ್ಮೂರಿನ ನೇಕಾರ ಕೊಟ್ಟೂರಪ್ಪನವರಲ್ಲಿ ಕೊಂಡ ತನ್ನ ಹಾಲುಬಣ್ಣದ ಸೀರೆಯ ಸೆರಗಿನ ಒಳಮೈಗೆ ಆ ನೀರಿನ ಹೆಬ್ಬೆಟ್ಟು ಒತ್ತಿದಳು. "ನೀನೂ ಒತ್ತಕ್ಕಾ. ಇಷ್ಟು ಓದಿ ಕೊನೀಗೆ ನಾನೂ ಹೆಬ್ಬೆಟ್ಟೇ ನೋಡು" ಎಂದು ನಕ್ಕಳು. ನಾನೂ ಪಕ್ಕದಲ್ಲಿ ಒತ್ತಿದೆ. ನನ್ನ ಬಲ ಹೆಬ್ಬೆರಳಿಗೆ ಕತ್ತರಿ ತಗುಲಿದ ಅಡ್ಡ ಗಾಯದ ಗೆರೆ ಇದೆ.

ಅದೇ ವರ್ಷ ಜುಲೈ 14ರಂದು ತಂಗಿ ಡೆಂಗ್ಯೂ ಜ್ವರದಿಂದ ತೀರಿಕೊಂಡಳು. ಕೊಂಡ್ಲಹಳ್ಳಿಯ ಗಂಡನ ಮನೆಯಲ್ಲಿ ಶವಕ್ಕೆ ಆ ಸೀರೆಯನ್ನು ನಾನೇ ಉಡಿಸಿದೆ. ಅವಳ ಓರಗಿತ್ತಿ ಜಗದಾಂಬರವರು ನನ್ನ ಬೆನ್ನು ಸವರಿ, ಮುಖ ತೊಳೆದು ಬರುವಂತೆ ಹಿತ್ತಲಿಗೆ ಕಳಿಸಿದರು. ಮರಳಿದಾಗ ಶವಕ್ಕೆ ಕುತ್ತಿಗೆವರೆಗೆ ಬಿಳಿ ಬಟ್ಟೆ ಹೊದಿಸಿ ಹೂವು ಹೇರಿದ್ದರು. ಹಾಗೆಯೇ ಮಣ್ಣು ಮಾಡಲಾಯಿತು.

ನಿನ್ನೆ, 23-10-2009ರ ಶುಕ್ರವಾರ ಬೆಳಿಗ್ಗೆ 10-30ಕ್ಕೆ, ಜಗದಾಂಬರವರ ಗಂಡ ಮಹಾಂತೇಶ್‌ರವರು ಚಳ್ಳಕೆರೆ ಮಾರುಕಟ್ಟೆಯಲ್ಲಿ ತೆರೆದ ಹೊಸ ಶೇಂಗಾ ಮಂಡಿಯ ಪೂಜೆಗೆ ಹೋಗಿದ್ದೆ. ಜಗದಾಂಬರವರು ಅದೇ ಸೀರೆ ಉಟ್ಟು ಕುಂಕುಮ ಕೊಡುತ್ತಿದ್ದರು. ಸೀರೆ ಎಲ್ಲಿಯದೆಂದು ಕೇಳಿದೆ. ಮೊಳಕಾಲ್ಮೂರಿನಲ್ಲಿ ಒಂದೇ ತರಹದ್ದು ಹತ್ತು ನೇಯುತ್ತಾರೆ ಎಂದರು. ಗಲ್ಲಾಪೆಟ್ಟಿಗೆಯ ಮೇಲೆ ಮಹಾಂತೇಶ್‌ರವರ ನೋಟು ನೋಡುವ ದೀಪ, ಬಂದವರಿಗೆ ತೋರಿಸಲೆಂದು, ಉರಿಯುತ್ತಿತ್ತು. ನಾನು ಸೆರಗು ಹಿಡಿದು ಅದರಡಿ ಇಟ್ಟೆ. ಎರಡು ಹೆಬ್ಬೆಟ್ಟು ಹಸಿರಾಗಿ ಬೆಳಗಿದವು. ಒಂದರಲ್ಲಿ ಅಡ್ಡ ಗೆರೆ ಇತ್ತು.

ಮಹಾಂತೇಶ್‌ರವರು ತಂಗಿ ಮಸಿಯಿಂದ ಮಾಡಿದ ಗುರುತು ಇದು ಎಂದು ನಾನು ಹೇಳಿದ್ದಕ್ಕೆ, ಅದು ಸೋಪಿನ ಪುಡಿ ಎಂದರು. ತಾವು ವಿಜ್ಞಾನ ಪದವೀಧರರೆಂದೂ, ಮಸಿ ಕುದಿಸುವ ಓದನ್ನು ತಮ್ಮ ಮುಂದೆ ಹೇಳಬಾರದೆಂದೂ ಎರಡು ಸಲ ತಿಳಿಸಿದರು. ಅವರ ಬಿಳಿ ಅಂಗಿಯ ತೋಳನ್ನು ದೀಪದಡಿ ಇಡಲು ಕೋರಿದೆ. ಇಟ್ಟರು. ನೀಲಿಯಾಗಿ ಬೆಳಗಿತು. ಸೋಪಿನ ಪುಡಿಯ ಬಣ್ಣ ಅದು. ಪದವೀಧರರು ತೋಳು ಹಿಂದಕ್ಕೆಳೆದುಕೊಂಡು, ಬಂದವರಿಗೆ ಮಂಡಕ್ಕಿ ಸಾಲದು ಎಂದು ಕೂಗಿದರು.

ಆಗ ಜಗದಾಂಬರವರು ಮೆಲ್ಲಗೆ, "ಮಣ್ಣಾಗೆ ಹಾಕೋ ರೇಷ್ಮೆ ಯಾರಿಗೆ ಬಂತು ಶೈಲಕ್ಕ? ನಾನು ಉಟ್ಕಂಡ್ರೆ ಅವಳ ನೆನಪಾದ್ರೂ ಇರ್ತೈತೆ" ಎಂದರು. ತಂಗಿಯ ಗಂಡ ಅಮರೇಶ್ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದರು. ಮಣ್ಣಿನ ದಿನವೂ ಅವರು ನೆಲವನ್ನೇ ನೋಡುತ್ತಿದ್ದರು. ಅವರಿಗೆ ಅದೊಂದು ಚೆನ್ನಾಗಿ ಬರುತ್ತದೆ.

ಸೀರೆ ಮರಳಿ ಬೇಕೇ ಎಂದು ಠಾಣೆಯಲ್ಲಿ ಕೇಳಿದರು. ಬೇಡ. ಅದು ಈಗ ಜಗದಾಂಬರವರ ಮೈಗೆ ಹೊಂದಿಕೊಂಡಿದೆ. ಅದನ್ನು ಬಿಚ್ಚಿದ ಮೇಲೆ ಬಿಳಿ ಬಟ್ಟೆಯ ಒಳಗೆ ನನ್ನ ತಂಗಿಗೆ ಏನು ಉಡಿಸಿದರು, ಉಡಿಸಿದರೋ ಇಲ್ಲವೋ, ಇಷ್ಟನ್ನು ಅವರ ಬಾಯಿಂದ ಕೇಳಿ ಬರೆದುಕೊಳ್ಳಬೇಕು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಿಜ ಇದೆ. ನನಗೆ ಸಹಿ ಮಾಡಲು ಬರುತ್ತದೆ. ಆದರೂ ಸೆರಗಿನ ಗುರುತಿಗೆ ಹೋಲಿಸಿ ನೋಡಲೆಂದು ಬಲ ಹೆಬ್ಬೆಟ್ಟನ್ನೂ ಒತ್ತಿದ್ದೇನೆ. ಅದರ ಪಕ್ಕದ ಜಾಗದಲ್ಲಿ ಏನೂ ಬರೆಯದೆ ಖಾಲಿ ಬಿಡಬೇಕೆಂದು ಕೋರುತ್ತೇನೆ.

ಸ್ಥಳ: ಚಳ್ಳಕೆರೆ
ದಿನಾಂಕ: 24-10-2009
ಸಹಿ: ಶೈಲಜಾ
ಬಲ ಹೆಬ್ಬೆಟ್ಟು: