ಹತ್ತನೇ ಚಾನೆಲ್‌ನ ಡೋಲು

ಹಾಡುಗಳು ಫ್ಲಾಪಿಯಲ್ಲಿ ಮಲಗಿ ಪ್ರಯಾಣ ಮಾಡುತ್ತಿದ್ದ ಕಾಲದಲ್ಲಿ, ಒಂದೇ ಹಾಡನ್ನು ಎರಡು ಬಗೆಯಾಗಿ ನುಡಿಸುವ ಎರಡು ಪೆಟ್ಟಿಗೆಗಳಿದ್ದವಂತೆ. ಒಂದು ಜಿಎಸ್ ಮನೆತನದ್ದು, ಇನ್ನೊಂದು ಎಕ್ಸ್‌ಜಿ ಮನೆತನದ್ದು, ಅಂದರೆ ಪೈಪೋಟಿಯ ಎರಡು ಕಂಪನಿಗಳ ಪದ್ಧತಿಗಳು; ಹಾಡಿನ ಒಂದೊಂದು ವಾದ್ಯಕ್ಕೂ ಒಂದೊಂದು ಸಂಖ್ಯೆಯ ಚಾನೆಲ್. ಹಮಾಮತ್ಸು ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದ ಕಿಯೊನೊ ಎಂಬಾಕೆಯ ಪಕ್ಕದಲ್ಲೇ ಹುಡುಗ-ಹುಡುಗಿಯ ಒಂದು ಜೋಡಿ, ತೊಡೆಯ ಮೇಲೆ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡು, ಆ ಮನೆತನಗಳ ಜಗಳ ಆಡುತ್ತಿತ್ತು.

"ತಕೆಹಿಕೊ, ನಮ್ಮಪ್ಪನ ಹತ್ರ ಇರೋದು ಎಕ್ಸ್‌ಜಿ ಪೆಟ್ಟಿಗೆ. ಹೆಣ್ಣು ಕೇಳೋಕೆ ಬರೋನು ಜಿಎಸ್ ಹಾಡು ತರ್ತಾನಾ?"

"ಹಾಡು ಹಾಡೇ ಕಣೇ, ಚಿಜು."

"ಹನ್ನೊಂದನೇ ಚಾನೆಲ್‌ನಲ್ಲಿ ಎರಡನೇ ಡೋಲು ಇಟ್ಟಿದ್ದೀಯಲ್ಲ, ಅದು ಅಲ್ಲಿ ಪಿಯಾನೋ ಆಗುತ್ತೆ. ಅದರ ಕೀಗಳ ಮೇಲೆ ಬೆಕ್ಕು ಓಡಾಡ್ದಂಗೆ ಕೇಳುತ್ತೆ."

"ನಿಮ್ಮಪ್ಪನ ಪೆಟ್ಟಿಗೆಗೆ ಕಿವಿ ಇಲ್ಲ ಅನ್ನು."

"ಹತ್ತಕ್ಕೆ ಹಾಕು. ಹತ್ತು ಅಂದ್ರೆ ಡೋಲು ಅಂತ ಎರಡೂ ಮನೇವ್ರು ಒಪ್ಕೊಂಡಿದ್ದಾರೆ. ಹಾಕ್ತೀನಿ ಅಂತ ನೀನೇ ಮಾತು ಕೊಟ್ಟಿದ್ದೆ."

"ನಮ್ಮ ಜಿಎಸ್ ಗುಂಪಿನೋರಿಗೆ ಗೊತ್ತಾದ್ರೆ ಮುಖ ಎಲ್ಲಿಡ್ಲಿ?"

"ನಾನು ಬೇಕೋ, ಹನ್ನೊಂದು ಬೇಕೋ?"

ಅವನು ನಿಟ್ಟುಸಿರಿಟ್ಟು ಡೋಲನ್ನು ಹತ್ತಕ್ಕೆ ಎಳೆದು ಹಾಕಿದ. ತಿದ್ದಿದ ಹಾಡನ್ನು ಬರೆದುಕೊಳ್ಳುತ್ತಾ ಫ್ಲಾಪಿ ಗೊರಗೊರ ಅನ್ನತೊಡಗಿತು.

"ಅದ್ಸರಿ, ಬೆಕ್ಕು ಓಡಾಡ್ದಂಗೆ ಅಂತ ನಿಂಗೆ ಹೇಗೆ ಗೊತ್ತು?"

"ಹೋದ ವಾರವೇ ಅಪ್ಪಂಗೆ ಕೇಳಿಸ್ದೆ."

"ಅಯ್ಯೋ! ಏನಂದ್ರು?"

"ಬಿದ್ದು ಬಿದ್ದು ನಕ್ರು. ಇಂಥ ಪಿಯಾನೋ ಬಾರಿಸೋ ಧೈರ್ಯ ಇರೋನೇ ಅಳಿಯ ಆಗ್ಲಿ ಅಂದ್ರು."

"ಮತ್ತೆ ನನ್ ಕೈಲಿ ಇದನ್ನೆಲ್ಲ ಯಾಕೆ ಮಾಡಿಸ್ದೆ?"

"ಅಪ್ಪ ಒಪ್ಪಿದ್ರು. ನಾನು ಒಪ್ಪೋದು ಬಾಕಿ ಇತ್ತು. ಹೇಳಿದ ಮಾತು ಕೇಳ್ತೀಯೋ ಇಲ್ವೋ ನೋಡ್ದೆ."

ಗೊರಗೊರ ನಿಂತಿತು. ಅವಳು ಫ್ಲಾಪಿಯನ್ನು ಅವನ ಜೇಬಿಗೆ ತುರುಕಿ, ಬಂದು ನಿಂತ ರೈಲಿನೊಳಕ್ಕೆ ಅವನನ್ನು ಎಳೆದುಕೊಂಡು ಹೋದಳು.